ಅತ್ತೆಯ ‘ಸ್ಟಾರ್ಟ್’ ಪಾಠ

ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅತ್ತೆಗೆ ಮೇಲ್ವಿಚಾರಕಿಯ ಕೆಲಸ ಸಿಗುವ ಸಂಭವವಿತ್ತು. ತೊಡಕು ಒಂದೇ: ಫೋನಿನಲ್ಲಿ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಬೇಕು. ಕಲಿಸುವ ಹೊಣೆ ಸೊಸೆಯ ಕೊರಳಿಗೆ ಬಿತ್ತು. ಔಷಧದಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು, ಸಂಜೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಒಂದೊಂದೇ ಪದ ಹೇಳಿಕೊಡುತ್ತಿದ್ದಳು.

ಅಂದು ‘ಸ್ಟಾರ್ಟ್’ ಪದದ ಸರದಿ.

“ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತೀವಲ್ಲ ಅತ್ತೆ, ಅದೇ. ವಾಕ್ಯ ಮಾಡಿ.”

“ಐ ಸ್ಟಾರ್ಟ್ ದಿ ಮಷಿನ್.”

“ಭೇಷ್. ಇನ್ನೊಂದು?”

“ದಿ ಬೇಬಿ ಸ್ಟಾರ್ಟ್ ಕ್ರೈಯಿಂಗ್.”

“ಸ್ಟಾರ್ಟ್ಸ್. ಮಗು ಒಂದೇ ಅಲ್ವಾ, ಬಾಲಕ್ಕೊಂದು ‘ಸ್’ ಬೇಕು.”

“ಒಂಟಿಯಾಗಿದ್ರೆ ಬಾಲ ಬರುತ್ತಾ? ಒಳ್ಳೇ ಭಾಷೆ ಕಣೇ!” ಅತ್ತೆ ಎರಡು ಕಾಳು ಬಾಯಿಗೆ ಹಾಕಿಕೊಂಡು ಯೋಚಿಸಿದಳು. “ಮೈ ಸನ್ ಸ್ಟಾರ್ಟ್ಸ್ ಶೌಟಿಂಗ್ ಎವ್ರಿ ಮಾರ್ನಿಂಗ್.”

ಸೊಸೆಯ ಕೈ ನಿಂತಿತು. ಮದುವೆಯಾದಾಗಿನಿಂದ ಗಂಡನ ಕೂಗಾಟದ ಬಗ್ಗೆ ಆ ಮನೆಯಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ.

“ಯಾಕೆ, ತಪ್ಪಾಯ್ತಾ?”

“ಇಲ್ಲ. ವಾಕ್ಯ ಸರಿಯಾಗಿದೆ.”

“ಹಾಗಾದ್ರೆ ನೀನೊಂದು ಹೇಳು.”

“ಐ ಸ್ಟಾರ್ಟ್ ಟ್ರೆಂಬ್ಲಿಂಗ್.”

“ಕೊನೇ ಪದ ಗೊತ್ತಾಗ್ಲಿಲ್ಲ.”

“ನಡುಗೋಕೆ ಶುರುವಾಗುತ್ತೆ ಅಂತ. ಅವರ ದನಿ ಏರಿದ ತಕ್ಷಣ. ಅಂಗಡಿಗೆ ಹೋದ್ಮೇಲೂ ಸ್ವಲ್ಪ ಹೊತ್ತು ಕೈ ಹಿಡಿತಕ್ಕೆ ಬರಲ್ಲ.”

ಅತ್ತೆ ಸಿಪ್ಪೆಯನ್ನೆಲ್ಲ ಒಟ್ಟುಗೂಡಿಸಿದಳು. “ನಿಮ್ಮ ಮಾವಂದೂ ಇದೇ ಕಥೆ ಆಗಿತ್ತು. ನಂಗೆ ಅಭ್ಯಾಸ ಆಗ್ಹೋಯ್ತು. ನಿಂಗೂ ಆಗುತ್ತೆ ಅಂದ್ಕೊಂಡಿದ್ದೆ,” ಎಂದಳು. ಅಂದಿನ ಪಾಠ ಅಲ್ಲಿಗೇ ಮುಗಿಯಿತು.

ಮರುದಿನ ಬೆಳಿಗ್ಗೆ ಕಾಲುಚೀಲ ಸಿಗಲಿಲ್ಲವೆಂದು ಮಗ ಸೂರು ಹಾರಿಹೋಗುವಂತೆ ಕೂಗಾಡಿದ. ಅತ್ತೆ ಒಂದು ಕುರ್ಚಿ ಎಳೆದು ತಂದು ಗಂಡಹೆಂಡಿರ ನಡುವೆ ಹಾಕಿಕೊಂಡು ಕೂತಳು.

“ಇದೇನಮ್ಮಾ?”

“ಕೂಗೋದಿದ್ರೆ ನನ್ನ ಮೇಲೆ ಕೂಗು. ಅವಳು ಕೆಲಸಕ್ಕೆ ಹೊರಡಲಿ.”

“ನಾನೇನು ಕೂಗಿದೆ? ಸ್ವಲ್ಪ ಜೋರಾಗಿ ಮಾತಾಡಿದೆ ಅಷ್ಟೇ.”

“ಅಷ್ಟಕ್ಕೇ ಅವಳು ನಡುಗ್ತಾಳೆ ಕಣೋ.”

ಅವನು ಹೆಂಡತಿಯ ಕಡೆ ತಿರುಗಿದ. “ಹೌದಾ?”

“ಹೌದು,” ಎಂದಳು ಸೊಸೆ. ಅವನು ಬರಿಗಾಲಿಗೇ ಬೂಟು ಹಾಕಿಕೊಂಡು ಹೊರಟುಹೋದ.

ರಾತ್ರಿ ಕಳೆದು ಬೆಳಗಾಗುವುದರೊಳಗೆ ಅವನೇನೂ ಬೆಣ್ಣೆಯಾಗಲಿಲ್ಲ. ಆದರೆ ದನಿ ಏರಿದಾಗಲೆಲ್ಲ ಪಕ್ಕದ ಕೋಣೆಯಲ್ಲಿ ಕುರ್ಚಿಯ ಕಾಲು ಕಿರ್ ಎನ್ನುತ್ತಿತ್ತು. ಅವನ ದನಿ ಅರ್ಧಕ್ಕೇ ಇಳಿಯುತ್ತಿತ್ತು. ಬರಬರುತ್ತಾ ಕುರ್ಚಿಯ ಅಗತ್ಯ ಕಡಿಮೆಯಾಯಿತು.

ಅತ್ತೆಗೆ ಆ ಕೆಲಸ ಸಿಗಲಿಲ್ಲ. ಪರೀಕ್ಷೆಯ ದಿನ ಫೋನು ಕಿವಿಗಿಟ್ಟದ್ದೇ ತಡ, ನಾಲಿಗೆ ಹೊರಳಲಿಲ್ಲವಂತೆ. ಸೊಸೆಗೆ ಬೇಸರವಾಯಿತು. “ಮುಂದಿನ ಸಲ ನೋಡೋಣ ಬಿಡು,” ಎಂದಳು ಅತ್ತೆ. ಸಂಜೆಯ ಪಾಠ ಮಾತ್ರ ನಿಲ್ಲಲಿಲ್ಲ. ಒಮ್ಮೊಮ್ಮೆ ಮಗನೂ ಬಂದು ಕೂತು, ಯಾರೂ ಕೇಳದಿದ್ದರೂ ಉಚ್ಚಾರಣೆ ತಿದ್ದಲು ಹೋಗಿ, ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ.