ಸಾಬಣ್ಣನ ಗೇಣು

ರಾಯಚೂರಿನ ಸರ್ವರಿ ಬೇಗಂ ಅವರ ಮನೆಯಲ್ಲಿ ಒಂದು ಪಿಯಾನೋ ಇತ್ತು. ಅವರ ತಂಗಿ ಕುಬ್ರಾ ಬೇಗಂ ಅವರ ಮನೆಯಲ್ಲಿ ನಲವತ್ತು ಉಪ್ಪಿನಕಾಯಿ ಬರಣಿಗಳಿದ್ದವು. ಈ ಎರಡು ಸಂಗತಿಗಳ ನಡುವೆ, ಸಾವಿರದ ಒಂಬೈನೂರ ನಲವತ್ನಾಲ್ಕನೆಯ ಇಸವಿಯಲ್ಲಿ, ಯಮನಮ್ಮ ಎಂಬ ಹದಿನೇಳು ವರ್ಷದ ಹುಡುಗಿಯ ಭಾಗ್ಯ ತೂಗಾಡುತ್ತಿತ್ತು.

ಯಮನಮ್ಮ ಮಾನ್ವಿಯವಳು, ಗೋಡೆ ಕಟ್ಟುವ ಕೂಲಿ ಹಂಪಯ್ಯನ ಮಗಳು. ಒಂಬತ್ತನೆಯ ವಯಸ್ಸಿನಲ್ಲಿ ಸರ್ವರಿ ಬೇಗಂ ಅವರ ಮನೆಗೆ ಕೆಲಸಕ್ಕೆ ಬಂದವಳು ಪಿಯಾನೋದ ಧೂಳು ಒರೆಸುವಾಗ ಅರಿವೆಯಿಂದಲೇ ಒಂದು ರಾಗವನ್ನು ಹೊರಡಿಸಿದ್ದಳು. ಬೇಗಂ ಬೈಯಲಿಲ್ಲ. ಅರಿವೆಯನ್ನು ಕಸಿದುಕೊಂಡು, ಬರಿಗೈಯಿಂದ ಮತ್ತೊಮ್ಮೆ ನುಡಿಸೆಂದರು. ಅಂದಿನಿಂದ ಎಂಟು ವರ್ಷ ಪಾಠ ನಡೆಯಿತು. ಧೂಳು ಮಾತ್ರ ಇದ್ದಲ್ಲಿಯೇ ಉಳಿಯಿತು.

ಬೇಗಂ ಅವರ ಬಳಿ ಸೊನಾಟಾ ಎಂಬ ಹನ್ನೊಂದು ಪುಟಗಳ ಒಂದು ಪಿಯಾನೋ ಕೃತಿ ಇತ್ತು. ಯಾವನೋ ಜರ್ಮನಿಯವನು ಬರೆದದ್ದು; ಹೈದರಾಬಾದಿನ ಗುರುವೊಬ್ಬರು ಅವರ ಮದುವೆಗೆ ಮುಂಚೆ ಕೊಟ್ಟದ್ದು. ಮೂವತ್ತು ವರ್ಷಗಳಿಂದಲೂ ಬೇಗಂ ಅದರ ಏಳನೆಯ ಪುಟವನ್ನು ದಾಟಿರಲಿಲ್ಲ. ಅಲ್ಲಿ ಎಡಗೈಯೊಂದೇ ಪಿಯಾನೋದ ಒಂಬತ್ತು ಬಿಳಿ ಕೀಲಿಗಳ, ಅಂದರೆ ಮನೆಗಳ, ಆಚೆ ಈಚೆಯ ತುದಿಗಳನ್ನು ಒಮ್ಮೆಗೇ ಒತ್ತಬೇಕು. ಅವರ ಕೈ ಎಂಟಕ್ಕೇ ಸೋಲುತ್ತಿತ್ತು. ಏಳನ್ನು ಬಿಟ್ಟು ಎಂಟನೆಯ ಪುಟಕ್ಕೆ ಜಿಗಿಯುವುದು ಕಳ್ಳತನವೆಂದು ಅವರು ಭಾವಿಸಿದ್ದರು. ಹೀಗಾಗಿ ಎಂಟನೆಯ ಪುಟವನ್ನು ಅವರು ಕಣ್ಣಿನಿಂದ ಬಲ್ಲವರಾಗಿದ್ದರೇ ಹೊರತು ಕಿವಿಯಿಂದಲ್ಲ.

ಆ ವರ್ಷ ಬೇಗಂ ಊರು ಬಿಟ್ಟು ಹೈದರಾಬಾದಿನ ಮಗನ ಮನೆಗೆ ಸೇರುವುದೆಂದು ನಿಶ್ಚಯವಾಯಿತು. ಮೊದಲು ಅಲ್ಲಿ ನಾಲ್ಕು ತಿಂಗಳು ಕಣ್ಣಿನ ಚಿಕಿತ್ಸೆ. ಆಮೇಲೆ ಬಕ್ರೀದಿನ ಹೊತ್ತಿಗೆ ಬಂದು ಮನೆ ಖಾಲಿ ಮಾಡುವುದು. ಸುದ್ದಿ ಕೇಳಿದ ಕುಬ್ರಾ ಬೇಗಂ ಓಡಿ ಬಂದರು.

"ಆಪಾ, ಆ ಪೆಟ್ಟಿಗಿ ನನಗ ಕೊಡು. ಹೊಟ್ಟ್ಯಾಗಿನ ತಂತಿ ಕಿತ್ತು ಒಗದ್ರ ಒಳಗ ಇಪ್ಪತ್ತು ಬರಣಿ, ಮ್ಯಾಲೆ ಇಪ್ಪತ್ತು ಬರಣಿ ಆರಾಮ ಕುಂಡ್ರತಾವ."

ಸರ್ವರಿ ಬೇಗಂ ಬಾಗಿಲ ಬಳಿ ಬಿಳಿಚಿಕೊಂಡು ನಿಂತಿದ್ದ ಯಮನಮ್ಮನ ಕೈಗೆ ಆ ಹನ್ನೊಂದು ಪುಟಗಳನ್ನು ಕೊಟ್ಟರು.

"ಬಕ್ರೀದಿಗೆ ಬರ್ತೀನಿ. ಇದನ್ನ ನಡುವ ನಿಲ್ಲದಂಗ ಕೊನೀತನಕ ಬಾರಿಸಿದ್ರ ಬಾಜಾ ನಿಂದು. ನಿಂತಿ ಅಂದ್ರ ಬರಣೀದು."

ಮರುದಿನ ಮನೆಗೆ ಬೀಗ ಬಿತ್ತು. ಪಿಯಾನೋ ಒಳಗೆ, ಯಮನಮ್ಮ ಹೊರಗೆ. ಆದರೆ ಬೀಗ ಬೀಳುವ ಮುನ್ನ ಅವಳು ಒಂದು ಬುದ್ಧಿವಂತಿಕೆ ಮಾಡಿದ್ದಳು: ಬಿಳಿ ಮನೆಗಳ ಮೇಲೆ ಕೈ ಚಾಚಿ ಅಳೆದುಕೊಂಡಿದ್ದಳು. ಎಂಟು ಮನೆಗಳಿಗೆ ಸರಿಯಾಗಿ ಒಂದು ಗೇಣು.

ಅದೇ ಅಳತೆಯಲ್ಲಿ ಬೆರಳು ಪಳಗಿಸಲು ಒಂದು ಮರದ ಹಲಗೆ ಮಾಡಿಸಲೆಂದು ಹಂಪಯ್ಯ ಮಗಳನ್ನು ಬಂಡಿಯಲ್ಲಿ ಕೂರಿಸಿಕೊಂಡು ದೇವದುರ್ಗಕ್ಕೆ, ತನ್ನ ಹಳೆಯ ಗೆಳೆಯನಾದ ಬಡಿಗ ಸಾಬಣ್ಣನ ಬಳಿಗೆ ಹೋದ. ಸಾಬಣ್ಣ ಕೂರಿಗೆ, ತೊಟ್ಟಿಲುಗಳಿಗೆ ಹೆಸರಾದವನು. ಪಿಯಾನೋವನ್ನು ಅವನು ಕಂಡಿರಲಿಲ್ಲ. ಅದೊಂದು ತೊಡಕೆಂದು ಅವನಿಗೆ ತೋರಲೂ ಇಲ್ಲ.

"ಒಟ್ಟ ಎಷ್ಟು ಹಲ್ಲು ಬೇ ಇದಕ್ಕ?"

"ಬಿಳೀವು ಐವತ್ತೆರಡು, ಕರೀವು ಮೂವತ್ತಾರು."

"ಅಷ್ಟು ಹಲ್ಲಿದ್ದದ್ದು ಏನ್ ತಿಂತದ?"

"ಎಂಟು ಬಿಳೀ ಹಲ್ಲಿಗೆ ಒಂದ್ ಗೇಣು, ಕಾಕಾ. ಕೂದಲೆಳಿ ಹೆಚ್ಚುಕಮ್ಮಿ ಆಗಬಾರದು ನೋಡ್ರಿ."

ಸಾಬಣ್ಣನಿಗೆ ಅವಮಾನವಾಯಿತು. "ಮೂವತ್ತು ವರ್ಷ ಈ ಗೇಣಿಲೆ ಅಳದೀನಿ. ನಾ ಮಾಡಿದ ತೊಟ್ಟಿಲದಾಗಿಂದ ಒಂದ್ ಕೂಸರೆ ಕೆಳಗ ಬಿದ್ದದೇನು, ಕೇಳು!"

ಹೀಗೆಂದು ಅವನು ಬೇವಿನ ಹಲಗೆಯ ಮೇಲೆ ತನ್ನ ಕೈ ಚಾಚಿದ. ಆ ಕೈ ಜೋಳದ ರೊಟ್ಟಿಯನ್ನು ತಟ್ಟೆಯಿಲ್ಲದೆ ಹಿಡಿಯಬಲ್ಲ ಕೈ. ಗೇಣು ಯಾರದೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಸೀಮೆಯಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಕೇಳಿದವರಲ್ಲ.

ಹಲಗೆ ಮಾನ್ವಿಗೆ ಬರುವಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು. ಯಮನಮ್ಮ ಅದರ ಮೇಲೆ ಕೈಯಿಟ್ಟಳು. ಎಂಟನೆಯ ಮನೆಯ ತುದಿ ಕಿರುಬೆರಳಿಗೆ ಎಟುಕಲಿಲ್ಲ.

"ಯಪ್ಪಾ, ಕೈ ಮುದುಡ್ಯಾವ!" ಎಂದು ಅವಳು ಅಳುದನಿ ತೆಗೆದಳು.

"ಬಾಜಾ ಬಿಟ್ಟು ತಿಂಗಳಾತು, ಮುದುಡದ ಏನ್ ಮಾಡ್ತಾವ?" ಎಂದು ಹಂಪಯ್ಯ ತಿಳಿವಳಿಕೆಯ ಮಾತು ಹೇಳಿದ.

ಅಂದಿನಿಂದ ದಿನ ಬೆಳಗಾದರೆ ಕುಸುಬಿ ಎಣ್ಣೆ ಕಾಸಿ ತಂದೆ ಅವಳ ಬೆರಳುಗಳನ್ನು ತಿಕ್ಕಿದ, ಎಳೆದ, ಬೋರಲು ಹಾಕಿದ ಚೆಂಬಿನ ಮೇಲೆ ಅಗಲಿಸಿ ಕೂರಿಸಿದ. ಆಮೇಲೆ ಅವಳು ಅಂಗಳದಲ್ಲಿ ಹಲಗೆಯ ಮುಂದೆ ಕುಳಿತು, ಸದ್ದಿಲ್ಲದ ಸೊನಾಟಾವನ್ನು ಮನಸ್ಸಿನಲ್ಲಿ ಕೇಳುತ್ತ, ಮಧ್ಯಾಹ್ನದವರೆಗೆ ನುಡಿಸಿದಳು.

ನೆರೆಮನೆಯ ಪಕೀರಮ್ಮ ಒಂದು ವಾರ ತಡೆದುಕೊಂಡಳು. ಕೊನೆಗೆ ಬೇಲಿಯ ಬಳಿ ಬಂದು ಕೇಳಿಯೇಬಿಟ್ಟಳು.

"ಹಂಪಯ್ಯಾ, ನಿನ್ನ ಮಗಳು ಹಲಿಗಿ ಮ್ಯಾಲೆ ಏನ್ ಹುಡಕಾಕತ್ತಾಳ?"

"ಬಾಜಾ ಬಾರಸಾಕತ್ತಾಳ."

"ನನಗೇನೂ ಕೇಳವಲ್ದು."

"ನಿನಗ ಕೇಳಬಾರದು ಅಂತನ ಹಲಿಗೀಲೆ ಮಾಡ್ಸೀವಿ."

ಆದರೂ ಪಕೀರಮ್ಮ ದಿನವೂ ಬಂದು ಕುಳಿತಳು. ಎರಡನೆಯ ತಿಂಗಳಿಗೆ ಐದನೆಯ ಪುಟದಲ್ಲಿ ತಲೆದೂಗಲು ಕಲಿತಳು. ಮೂರನೆಯ ತಿಂಗಳಿಗೆ, "ಇವತ್ತಿಂದು ಸಪ್ಪಗಿತ್ತು, ಸೋಮವಾರದ್ದು ಚಂದಿತ್ತು," ಎಂದು ಟೀಕೆ ಮಾಡುವ ಮಟ್ಟ ಮುಟ್ಟಿದಳು. ಅಷ್ಟರಲ್ಲಿ ಯಮನಮ್ಮನ ಎಡಗೈ ಎಂಟನ್ನು ಗೆದ್ದು ಒಂಬತ್ತನ್ನೂ ಹಿಡಿದಿತ್ತು.

ಬಕ್ರೀದಿನ ಮೂರನೆಯ ದಿನ ರಾಯಚೂರಿನ ಆ ಮನೆಯ ಬೀಗ ತೆರೆಯಿತು. ಬೇಗಂಗಳಿಬ್ಬರೂ ಪಿಯಾನೋದ ಬಳಿ ಕುಳಿತರು. ಗೋಷಾ ಮನೆಯಾದ್ದರಿಂದ ಹಂಪಯ್ಯನೂ ಸಾಬಣ್ಣನೂ ಪರದೆಯ ಆಚೆ ನಿಂತರು. ಸಾಬಣ್ಣ ತನ್ನ ಕೆಲಸದ ಜಯವನ್ನು ಕಿವಿಯಾರೆ ಕೇಳಬೇಕೆಂದು ಬಂದವನು ಹಲಗೆಯನ್ನೂ ಬಂಡಿಯಲ್ಲಿ ತಂದಿದ್ದ; ಅದರ ಕಥೆಯನ್ನು ಯಮನಮ್ಮ ಆಗಲೇ ಸರ್ವರಿ ಬೇಗಂ ಅವರಿಗೆ ಹೇಳಿದ್ದಳು.

ಯಮನಮ್ಮ ಪಿಯಾನೋಗೆ ನಮಸ್ಕರಿಸಿ ಎರಡು ಕೈಗಳನ್ನೂ ಒಮ್ಮೆಗೇ ಇಳಿಸಿದಳು.

ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಕೈ ಜಿಗಿದಲ್ಲೆಲ್ಲ ಒಂದು ಮನೆ ಆಚೆಗೆ ಬೀಳುತ್ತಿತ್ತು. ನಾಲ್ಕು ತಿಂಗಳು ಬೀಗದೊಳಗಿದ್ದು ಪಿಯಾನೋ ಕುಗ್ಗಿಹೋಯಿತೇ ಎಂದು ಅವಳು ದಿಗಿಲುಗೊಂಡಳು. ನಿಲ್ಲುವಂತಿಲ್ಲ, ನಿಂತರೆ ಬರಣಿ. ಅವಳು ತಪ್ಪುತ್ತಲೇ ಮುಂದೆ ಓಡಿದಳು.

"ಆಪಾ, ಇದು ಬಾರಸೂದಾ, ಕೋಳಿ ಹಿಡ್ಯೂದಾ?" ಎನ್ನುತ್ತ ಕುಬ್ರಾ ಬೇಗಂ ಸೊಂಟದಿಂದ ದಾರ ತೆಗೆದು ಪಿಯಾನೋದ ತಲೆಯ ಮೇಲೆ ಬರಣಿಗಳ ಜಾಗವನ್ನು ಅಳೆಯತೊಡಗಿದರು.

"ನಿಲ್ಲಬಾರದು ಅಂದಿದ್ದೆ. ತಪ್ಪಬಾರದು ಅಂದಿದ್ದಿಲ್ಲ," ಎಂದರು ಸರ್ವರಿ ಬೇಗಂ ಹಲ್ಲು ಕಚ್ಚಿ. "ಬಾರಸು, ಯಮನಮ್ಮಾ."

ಪರದೆಯ ಆಚೆಯಿಂದ ಸಾಬಣ್ಣನ ದನಿ ಕೇಳಿತು. "ಲೇ ಹಂಪಯ್ಯಾ, ಇದರಾಗ ಇಷ್ಟು ಗದ್ದಲ ಇತ್ತೇನಲೇ?" ಹಾಗೆನ್ನುತ್ತ ಅವನು ಇನ್ನಷ್ಟು ಹತ್ತಿರ ಬಂದು ಪರದೆಯ ಅಂಚನ್ನು ಹಿಡಿದ. ಯಮನಮ್ಮನಿಗೆ ಬರಿಯ ಕೈ ಕಾಣಿಸಿತು. ಬೆಳಕಿಗೆ ಎದುರಾಗಿ, ಹೆಬ್ಬೆರಳಿಂದ ಕಿರುಬೆರಳಿನವರೆಗೆ ಮೊರದಷ್ಟಗಲ ಹರಡಿಕೊಂಡ ಕೈ.

ಅವಳು ಆ ಕೈಯನ್ನು ನೋಡಿದಳು. ತನ್ನ ಕೈಯನ್ನು ನೋಡಿದಳು. ಪಿಯಾನೋ ಕುಗ್ಗಿರಲಿಲ್ಲ, ಹಲಗೆ ಹಿಗ್ಗಿತ್ತು.

ನಾಲ್ಕನೆಯ ಪುಟದಿಂದ ಅವಳು ಪ್ರತಿಯೊಂದು ಜಿಗಿತವನ್ನೂ ಲಗಾಮು ಎಳೆದಂತೆ ಒಳಗೆಳೆದುಕೊಂಡಳು. ಐದರಲ್ಲಿ ತಪ್ಪುಗಳು ಕಡಿಮೆಯಾದವು. ಆರರಲ್ಲಿ ಎರಡೇ ಎರಡು. ಏಳನೆಯ ಪುಟ ಬಂದಾಗ ಸರ್ವರಿ ಬೇಗಂ ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ಆ ಜಾಗದಲ್ಲಿ ಸಂಗೀತ ನಿಲ್ಲುವುದನ್ನಷ್ಟೇ ಅವರು ಬಲ್ಲರು.

ಸಾಬಣ್ಣನ ಹಲಗೆಯ ಒಂಬತ್ತರ ಮೇಲೆ ಪಳಗಿದ ಕೈಗೆ ಪಿಯಾನೋದ ಒಂಬತ್ತು ಸ್ವಂತ ಅಂಗಳದಷ್ಟು ಹತ್ತಿರವಾಗಿತ್ತು. ಎಡಗೈ ಹೂವಿನಂತೆ ಕೂತಿತು, ಎದ್ದಿತು, ಪುಟ ಮಗುಚಿತು.

ಎಂಟನೆಯ ಪುಟದಲ್ಲಿ ಗುಡುಗೂ ಇರಲಿಲ್ಲ, ಮಿಂಚೂ ಇರಲಿಲ್ಲ. ಬಲಗೈಯ ಒಂದು ಸಣ್ಣ ರಾಗ, ಯಾರೋ ಒಳಕೋಣೆಯಲ್ಲಿ ಬಟ್ಟೆ ಮಡಿಚುತ್ತ ತಮ್ಮಷ್ಟಕ್ಕೆ ಗುನುಗಿದಂತೆ. ಕುಬ್ರಾ ಬೇಗಂ ಅವರ ದಾರ ಹದಿನಾಲ್ಕನೆಯ ಬರಣಿಯಲ್ಲಿ ನಿಂತುಹೋಯಿತು.

ಹನ್ನೊಂದನೆಯ ಪುಟ ಮುಗಿದ ಮೇಲೂ ಸರ್ವರಿ ಬೇಗಂ ಕಣ್ಣು ತೆರೆಯಲಿಲ್ಲ.

"ಎಂಟನೇದು ಇಷ್ಟು ಸಣ್ಣದಿತ್ತೇನು?" ಎಂದರು. "ಮೂವತ್ತು ವರ್ಷ ಅಂಜಿದೆ ನಾ. ಅದೊಂದನ್ನ ಇನ್ನೊಂದು ಸಲ ಬಾರಸು. ಆಮ್ಯಾಲೆ ಬಾಜಾ ಬಂಡೀಗೆ ಹೇರ್ರಿ."

"ನನ್ನ ಬರಣಿ?" ಎಂದರು ಕುಬ್ರಾ ಬೇಗಂ.

"ಹೊರಗ ಹಲಿಗಿ ಅದ. ಉದ್ದ ಅದ, ಗಟ್ಟಿ ಅದ, ಒಳಗ ತಂತಿ ಇಲ್ಲ. ಒಯ್ಯಿ."

ಹೊರಗೆ ಬಂದ ಯಮನಮ್ಮ ಸಾಬಣ್ಣನ ಅಂಗೈಗೆ ತನ್ನ ಅಂಗೈಯನ್ನು ಹೊಂದಿಸಿ ಹಿಡಿದಳು. ಅವನ ಬೆರಳುಗಳು ಅವಳ ಬೆರಳುಗಳಿಗಿಂತ ಮೇಲೆ ಒಂದು ಗೆಣ್ಣಿನಷ್ಟು ಇಣುಕಿದವು. ಹಂಪಯ್ಯ ಬಾಯಿ ತೆರೆದು ನಿಂತ. ಸಾಬಣ್ಣ ಎರಡೂ ಕೈಗಳನ್ನು ತಿರುಗಿಸಿ ಮುರುಗಿಸಿ, ಕೆಲಸ ಬಲ್ಲವನ ಗಾಂಭೀರ್ಯದಿಂದ ಪರೀಕ್ಷಿಸಿದ.

"ನನ್ನ ಅಳತಿ ಸರಿ ಅದ," ಎಂದ ಕೊನೆಗೆ. "ನಿನ್ನ ಕೈ ಮಾಡಿದಾವ ತಪ್ಪ್ಯಾನ."