ಹಾಲಮ್ಮನ ಹೂಬುಟ್ಟಿ

ಹಾಲಮ್ಮ ಹೂವನ್ನು ಮೂಸುತ್ತಿರಲಿಲ್ಲ. ಬೆಳಗಿನ ಹೊತ್ತು ಹೂ ಕೊಯ್ಯುವಾಗ ಪರಿಮಳ ತಾನಾಗಿ ಗಾಳಿಯಲ್ಲಿ ಬಂದರೂ ಮುಖವನ್ನು ಅತ್ತ ತಿರುಗಿಸಿ ನಿಲ್ಲುವಳು. ದೇವರಿಗಿಂತ ಮೊದಲು ಮೂಗಿಗೆ ಸಂದ ಹೂವು ಎಂಜಲು ಎಂಬುದನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಆದರೆ ಅರವತ್ತು ದಾಟುವ ತನಕ ಅದನ್ನು ಒಂದು ದಿನವೂ ತಪ್ಪದೆ ನಡೆಸಿಕೊಂಡು ಬಂದವಳು ಶಿಕಾರಿಪುರದ ನಮ್ಮ ಕೇರಿಯಲ್ಲಿ ಅವಳೊಬ್ಬಳೇ.

ಎಡಗೈಯಲ್ಲಿ ಬಿದಿರಿನ ಬುಟ್ಟಿ ಹಿಡಿದು ಹಿಡಿದು ಆ ಕಡೆಯ ಹೆಗಲು ತಗ್ಗಿಹೋಗಿ, ನಡೆಯುವಾಗ ಮೈಯೆಲ್ಲ ಒಂದು ಕಡೆಗೆ ವಾಲಿದಂತೆ ಕಾಣುತ್ತಿತ್ತು. ಹಣೆಯ ಮೇಲೆ ದಟ್ಟ ವಿಭೂತಿ, ಕೊರಳಿನಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ, ಉಡಲು ಒಂದು ಮಾಸಿದ ಕಂದು ಸೀರೆ. ಆ ಸೀರೆಯ ಸೆರಗು ಅರ್ಧ ತಲೆಯ ಮೇಲೆ, ಅರ್ಧ ಬುಟ್ಟಿಯ ಮೇಲೆ, ಏಕೆಂದರೆ ಪೂಜೆಯ ಹೂವಿನ ಮೇಲೆ ಕಂಡವರ ಕಣ್ಣು ಬೀಳಬಾರದು. ಯಾರ ಹಿತ್ತಿಲಿಗೂ ಅವಳು ಮುಂಬಾಗಿಲಿನಿಂದ ಹೋದವಳಲ್ಲ. ಬೇಲಿಯ ಸಂದಿಯಲ್ಲಿ ನುಸುಳಿ, ಹೇಳದೆ ಕೇಳದೆ ಕೊಯ್ದುಕೊಂಡು, ಮನೆಯವರು ಎದುರಾದರೆ “ಅದಿರ್ಲಿ” ಎಂದು ಮಾತು ತೆಗೆಯುವಳು. ಅದಕ್ಕೆ ಮುಂಚೆ ಯಾವ ಮಾತೂ ನಡೆದಿರುತ್ತಿರಲಿಲ್ಲ.

“ಅದಿರ್ಲಿ, ನಿಮ್ಮ ಕಣಗಿಲೆಗೆ ಒಂದೀಟು ಗೊಬ್ಬರ ಹಾಕ್ರೀ. ಹೂವು ಸಣ್ಣಗಾಗೈತೆ.”

ಹೂವು ಹೋದದ್ದಲ್ಲದೆ ಬೈಸಿಕೊಂಡೂ ಆಯಿತಲ್ಲ ಎಂದು ಮನೆಯವರು ನಗುತ್ತಿದ್ದರು.

ಈ ಹಾಲಮ್ಮನ ಹಿಂದೆ ಬೀಳುತ್ತಿದ್ದವಳು ಬೆಲ್ಲದ ವ್ಯಾಪಾರಿ ತೋಟಪ್ಪನ ಒಬ್ಬಳೇ ಮಗಳು, ಏಳು ವರ್ಷದ ನೀಲಾಂಬಿಕ. ತಮ್ಮ ಹಿತ್ತಿಲಿನ ಹೂವನ್ನು ತಾನೇ ಕೊಯ್ದುಕೊಡುತ್ತೇನೆಂದು ಹಟ ಹಿಡಿಯುವಳು. ಕೊಯ್ದ ಪ್ರತಿಯೊಂದನ್ನೂ ಮೊದಲು ಮೂಸಿ ಆಮೇಲೆ ಕೊಡುವಳು.

“ಅಜ್ಜೀ, ದಾಸವಾಳಕ್ಕೆ ಬಾವಿ ನೀರಿನ ವಾಸನೆ ಐತೆ.”

“ದಾಸವಾಳಕ್ಕೆ ಎಂಥ ವಾಸನೆನೇ? ನಿನ್ನ ಮೂಗಿಗೆ ಬೆಂಕಿ ಹಾಕ. ಹೋತು, ಇದೂ ಹೋತು.”

ಹಾಲಮ್ಮ ಎಸೆದ ಹೂವನ್ನೆಲ್ಲ ನೀಲ ಆಯ್ದು ಲಂಗದಲ್ಲಿ ತುಂಬಿಕೊಂಡು ಕೇರಿಯ ಹುಡುಗಿಯರಿಗೆ ಹಂಚುತ್ತಿದ್ದಳು. ಹಂಚಲಿಕ್ಕೆಂದೇ ಮೂಸುತ್ತಾಳೋ ಏನೋ ಎಂಬ ಅನುಮಾನ ಹಾಲಮ್ಮನಿಗೆ ಇತ್ತು. ಆದರೂ ಮಾರನೆಯ ದಿನ ಅದೇ ಸಂದಿಯಲ್ಲಿ ನುಸುಳುವುದನ್ನು ಬಿಡಲಿಲ್ಲ.

ಐವತ್ತೇಳರ ಬೇಸಿಗೆಯಲ್ಲಿ ನೀಲ ಕುಪ್ಪಗಡ್ಡೆಗೆ ತಾಯಿಯ ತವರಿಗೆ ಹೋದಳು. ಆ ವರ್ಷ ಕ್ಯಾಸನೂರಿನ ಕಡೆಯ ಕಾಡುಗಳಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಜನರಿಗೂ ಜ್ವರ ಹತ್ತುತ್ತಿತ್ತು. ಅದು ಯಾವ ಜ್ವರವೆಂದು ಹೇಳಬಲ್ಲವರು ಇರಲಿಲ್ಲ. ಹಣ್ಣಿಗೆಂದು ಮಕ್ಕಳ ಜೊತೆ ಕಾಡಿನ ಅಂಚಿಗೆ ಹೋಗಿದ್ದ ನೀಲಳಿಗೂ ಬಂತು. ಊರಿಗೆ ಕರೆತಂದರು, ಉಳಿಯಲಿಲ್ಲ. ಮನೆತನದ ಹೊಲದಲ್ಲಿ, ಹಿರಿಯರ ಪಕ್ಕದಲ್ಲಿ, ಮಣ್ಣು ಮಾಡಿ ಬಂದರು.

ತಾಯಿ ರಾಜೇಶ್ವರಮ್ಮ ಹಿತ್ತಿಲ ಬಾಗಿಲು ತೆರೆಯುವುದನ್ನು ನಿಲ್ಲಿಸಿದಳು. ನೀರಿಗೂ ಪಕ್ಕದ ಮನೆಯ ಬಾವಿಗೆ ಹೋಗುತ್ತಿದ್ದಳು. ಅದನ್ನು ನೋಡಲಾರದೆ ಆ ಪಕ್ಕದ ಮನೆಯ ಗೆಳತಿ ಬಸಕ್ಕನೇ ಮಳೆ ಹಿಡಿದ ಮೇಲೆ ಒಂದು ದಿನ ತೋಟಪ್ಪನಿಗೆ, ಹಿತ್ತಿಲಿನಲ್ಲಿ ನೀಲಳ ಹೆಸರಿನಲ್ಲಿ ಒಂದು ಹೂದೋಟ ಮಾಡೋಣ, ನಾವೆಲ್ಲ ಕೈಹಾಕುತ್ತೇವೆ ಎಂದಳು. ತೋಟಪ್ಪನ ಸ್ನೇಹಿತ, ಬಟ್ಟೆ ಅಂಗಡಿಯ ವೀರಬಸಪ್ಪ, ಪಂಚೆ ಮೇಲೆ ಕಟ್ಟಿ ಗುದ್ದಲಿ ಹಿಡಿದ. ಯಾರೂ ಕರೆಯದಿದ್ದರೂ ಹಾಲಮ್ಮ ಬಂದು ಬಾವಿಕಟ್ಟೆಯ ಮೇಲೆ ಕೂತಳು.

ಅಗೆಯುವುದಕ್ಕಿಂತ ಯೋಚನೆ ಹೇಳುವುದರಲ್ಲಿ ವೀರಬಸಪ್ಪನ ಉತ್ಸಾಹ ಹೆಚ್ಚು. “ಬಂದಳಿಕೆ ಹಾಳುಗುಡೀಲಿ ಎಷ್ಟೊಂದು ಕೆತ್ತನೆ ಕಲ್ಲು ಸುಮ್ನೆ ಬಿದ್ದಾವೆ. ಒಂದನ್ನ ಗಾಡೀಲಿ ತಂದು, ಮಗೀನ ಹೆಸರು ಕೆತ್ತಿಸಿ ನಡುವೆ ನಿಲ್ಲಿಸಿದ್ರೆ ಹ್ಯಾಗೆ?”

“ಅದಿರ್ಲಿ, ಗುಡಿ ಕಲ್ಲು ಹೊತ್ಕೊಂಡು ಬಂದ್ರೆ ನಿನಗೆ ಪುಣ್ಯ ಬರ್ತೈತೇನೋ ವೀರಬಸಪ್ಪಾ? ಬೇಕಿದ್ರೆ ನಿನ್ನ ಅಂಗಡಿ ಮೆಟ್ಟಿಲು ಕಿತ್ಕೊಂಡು ಬಾ. ಹೆಸರು ಕೆತ್ತಿದ್ರೆ ಅದು ಸಮಾಧಿ ಆಗ್ತೈತೆ. ಸಮಾಧಿ ಹೂವನ್ನ ಯಾರು ಮುಟ್ತಾರೆ?”

ಆಗ ಹಿತ್ತಿಲ ಬಾಗಿಲು ತೆರೆದುಕೊಂಡಿತು. ರಾಜೇಶ್ವರಮ್ಮ ಹೊಸ್ತಿಲ ಒಳಗೇ ನಿಂತು ಹೇಳಿದಳು: “ಅವಳು ಒಂದು ಹೂವನ್ನೂ ತನಗೆ ಅಂತ ಇಟ್ಕೊಂಡವಳಲ್ಲ. ನಾಕು ಮಂದಿ ಕೊಯ್ಕೊಂಡು ಹೋಗೋ ಹಂಗಿದ್ರೆ ಮಾಡ್ರಿ. ಇಲ್ದಿದ್ರೆ ಹೊಲದಾಗೊಂದು ಐತಲ್ಲ, ಮನೇಲೂ ಒಂದು ಸಮಾಧಿ ಬ್ಯಾಡ.”

ಕಲ್ಲಿನ ಮಾತು ಅಲ್ಲಿಗೇ ನಿಂತಿತು. ಬಸಕ್ಕ ತನ್ನ ಮನೆಯ ಜಾಜಿಯ ಬೇರುಬಿಟ್ಟ ಬಳ್ಳಿ ತಂದಳು. ಸೊರಬದ ಸಂತೆಗೆ ಬಟ್ಟೆ ಒಯ್ಯುತ್ತಿದ್ದ ವೀರಬಸಪ್ಪ ಬರುವಾಗ ಸುಗಂಧರಾಜದ ಗೆಡ್ಡೆ ತಂದ. ತೋಟಪ್ಪ ಅಂಗಡಿ ತೆರೆಯುವ ಮುಂಚೆ ಪಾತಿ ಕಟ್ಟಿದ. ಇತರರ ಗಿಡದ ಹೂವನ್ನೆಲ್ಲ ತನ್ನದೆಂದೇ ತಿಳಿದಿದ್ದ, ತನ್ನ ಗಿಡದ ಒಂದು ಕಡ್ಡಿಯನ್ನೂ ಯಾರಿಗೂ ಕೊಡದಿದ್ದ ಹಾಲಮ್ಮ, ಒಂದು ಸಂಜೆ ಬಿಳಿ ದಾಸವಾಳದ ಟೊಂಗೆಯನ್ನು ಬಾವಿಯ ಪಕ್ಕ ಊರಿ, ಮಣ್ಣಿನ ಕೈಯನ್ನು ಅಲ್ಲೇ ತೊಳೆದುಕೊಂಡು ಹೋದಳು. ಆಮೇಲೆ ಮಗಳ ಬಾಣಂತನಕ್ಕೆಂದು ಸೊರಬಕ್ಕೆ ಹೋದವಳು ಮಳೆಗಾಲ ಮುಗಿದರೂ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ತೋಟ ಹೂಬಿಟ್ಟಿತು. ರಾಜೇಶ್ವರಮ್ಮ ತಟ್ಟೆಗಳಲ್ಲಿ ಹೂವಿಟ್ಟು ಮನೆಮನೆಗೂ ತಾನೇ ಕೊಟ್ಟು ಬಂದಳು. ಎಲ್ಲರೂ ಮರ್ಯಾದೆಯಿಂದ ತೆಗೆದುಕೊಂಡರು, ಕೂತು ಹೋಗಿರೆಂದರು. ಮಾರನೆಯ ಬೆಳಿಗ್ಗೆ ಕೇರಿಯ ಕೊನೆಯ ತಿಪ್ಪೆಯಲ್ಲಿ ಅವಳು ತನ್ನ ಜಾಜಿಯನ್ನು ಕಂಡಳು. ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ಸತ್ತ ಮಗುವಿನ ಹೆಸರಿನ ಹೂವನ್ನು ಲಿಂಗಕ್ಕೆ ಏರಿಸುವುದು ಹೇಗೆ, ಬದುಕಿರುವ ಮಕ್ಕಳ ತಲೆಗೆ ಮುಡಿಸುವುದು ಹೇಗೆ ಎಂದು ಜನ ಹೆದರಿದ್ದರು. ಕೆಟ್ಟವರೇನಲ್ಲ, ಹೆದರಿದ್ದರು ಅಷ್ಟೆ.

“ನಾಳೆ ಎಲ್ಲಾನೂ ಕಿತ್ತುಹಾಕ್ರಿ” ಎಂದು ರಾಜೇಶ್ವರಮ್ಮ ಗಂಡನಿಗೆ ಹೇಳಿದಳು.

ಆ ಸಂಜೆಯ ಬಸ್ಸಿನಲ್ಲಿ ಹಾಲಮ್ಮ ಸೊರಬದಿಂದ ಬಂದಿಳಿದಳು. ಬಸಕ್ಕ ಓಡಿಹೋಗಿ ಕೇರಿಯವರ ಕಲ್ಲುಮನಸ್ಸನ್ನು ವಿಸ್ತಾರವಾಗಿ ಹೇಳಿದಳು. ಹಾಲಮ್ಮ ಪೂರ್ತಿ ಕೇಳಿ, “ಅದಿರ್ಲಿ, ನಿನಗೆ ಕೊಟ್ಟ ಹೂವನ್ನ ನೀನೇನು ಮಾಡ್ದೆ?” ಎಂದಳು. ತನಗೂ ಒಬ್ಬಳು ಮಗಳಿದ್ದ ಬಸಕ್ಕ ಸೆರಗು ಸರಿಮಾಡಿಕೊಂಡು ಮನೆಯ ಕಡೆ ತಿರುಗಿದಳು.

ಬೆಳಗಾಯಿತು. ಹೆಂಗಸರು ಬಾಗಿಲು ಸಾರಿಸಿ ರಂಗೋಲಿ ಇಡುವ ಹೊತ್ತು. ಹಾಲಮ್ಮ ಮಿಂದು ಮಡಿಯುಟ್ಟು ಬೇಲಿಯ ಕಡೆಗೆ ಹೋಗದೆ ನಡುಬೀದಿಯಲ್ಲಿ ವಾಲುತ್ತ ಬಂದಳು. ಸೆರಗು ಬುಟ್ಟಿಯ ಮೇಲಿರಲಿಲ್ಲ. ತೋಟಪ್ಪನ ಮನೆಯ ಮುಂಬಾಗಿಲಿನಿಂದ ಒಳಹೊಕ್ಕು ಹಿತ್ತಿಲಿಗೆ ನಡೆದಳು. ತೋಟಪ್ಪ ಆಗಲೇ ಗುದ್ದಲಿ ಎತ್ತಿಕೊಂಡಿದ್ದ.

“ಅದಿರ್ಲಿ, ಅದನ್ನ ಕೆಳಗಿಡೋ.”

ಜಾಜಿ ಬಿಡಿಸಿದಳು, ಸುಗಂಧರಾಜ ಮುರಿದಳು, ಎಂದಿನಂತೆ ಮುಖ ತಿರುಗಿಸಿಕೊಂಡೇ. ಬಾವಿಯ ಪಕ್ಕದಲ್ಲಿ ಅವಳೇ ಊರಿದ್ದ ಟೊಂಗೆ ಒಂದೇ ಒಂದು ಬಿಳಿ ದಾಸವಾಳ ಬಿಟ್ಟಿತ್ತು. ಅದನ್ನು ಕೊಯ್ದು ಅಂಗೈಯಲ್ಲಿ ಹಿಡಿದಳು. ಬಾಗಿಲಲ್ಲಿದ್ದ ರಾಜೇಶ್ವರಮ್ಮ ನೋಡುತ್ತಿದ್ದಂತೆಯೇ ಹೂವನ್ನು ಮೂಗಿನ ಹತ್ತಿರ ತಂದು ನಿಧಾನವಾಗಿ ಉಸಿರೆಳೆದುಕೊಂಡಳು.

“ಬಾವಿ ನೀರಿನ ವಾಸನೆನೇ ಕಣೇ” ಎಂದು, ಅದನ್ನೂ ಬುಟ್ಟಿಗೆ ಇಟ್ಟಳು.

“ಮೂಸಿಬಿಟ್ರಲ್ಲ ಹಾಲಮ್ಮಾರೆ. ಲಿಂಗಕ್ಕೆ ಬರಲ್ಲ ಅದು” ಎಂದಳು ರಾಜೇಶ್ವರಮ್ಮ.

“ಬರ್ತೈತೆ.”

ಅದೊಂದು ಮಾತನ್ನು ಅವಳು ‘ಅದಿರ್ಲಿ’ ಇಲ್ಲದೆ ಹೇಳಿದಳು. ತೆರೆದ ಬುಟ್ಟಿ ಹಿಡಿದು ಬಂದ ಬೀದಿಯಲ್ಲೇ ಮನೆಗೆ ಹೋದಳು. ರಂಗೋಲಿಯ ಮೇಲೆ ಬಗ್ಗಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

ಕೆಲವು ದಿನಗಳಲ್ಲಿ ಬಸಕ್ಕನ ಮಗಳ ಜಡೆಯಲ್ಲಿ ಜಾಜಿ ಕಂಡಿತು. ಕಾರ್ತಿಕ ಮುಗಿಯುವಷ್ಟರಲ್ಲಿ ತೋಟಪ್ಪನ ಬೇಲಿಯಲ್ಲಿ ಇನ್ನೊಂದು ಸಂದಿ ಬಿದ್ದಿತ್ತು, ಸಣ್ಣ ಹುಡುಗಿಯರು ನುಸುಳುವಷ್ಟು. ರಾಜೇಶ್ವರಮ್ಮ ಅದನ್ನು ಮುಚ್ಚಿಸಲಿಲ್ಲ.

ಹಾಲಮ್ಮ ಆಮೇಲೆ ಮತ್ತೆ ಯಾವ ಹೂವನ್ನೂ ಮೂಸಲಿಲ್ಲ. ಇಂಥ ಕಟ್ಟುನಿಟ್ಟಿನ ಮುದುಕಿಯರು ಪ್ರತಿ ಕೇರಿಯಲ್ಲೂ ಒಬ್ಬರಿರುತ್ತಾರೆ. ಅವರ ಮಡಿಯನ್ನು ಕಂಡು ನಾವು ನಗುತ್ತೇವೆ, ಬೈದರೆ ಹಿಂದಿನಿಂದ ಅಣಕಿಸುತ್ತೇವೆ. ಆದರೆ ಕೇರಿಗೆ ಕೇರಿಯೇ ಹೆದರಿ ನಿಂತ ದಿನ, ನೇಮವಿಲ್ಲದ ನಮ್ಮಂಥವರು ಆ ಹೂವನ್ನು ಮೂಸಿದರೂ ಒಂದೇ, ಮುಡಿದರೂ ಒಂದೇ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಜೀವಮಾನವೆಲ್ಲ ಕಾಪಾಡಿದ್ದನ್ನು ಒಂದು ಮಗುವಿಗಾಗಿ ಕೊಟ್ಟುಬಿಡಲು, ಕಾಪಾಡಿಕೊಂಡು ಬಂದವರಿಂದ ಮಾತ್ರ ಆಗುತ್ತದೆ. ಆ ದಾಸವಾಳವನ್ನು ಶಿವ ಒಪ್ಪಿದನೇ ಎಂದು ಹಾಲಮ್ಮನನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ.