ಹೋಲ್ಡಾನ್

"ರೀ, ಇದೇನಾ ನಿಮ್ಮ ಕೆರೆ?" ಹೆಂಡತಿ ಅವನ ಮಡಿಲ ಮೇಲಿಂದಲೇ ಕಿಟಕಿಗೆ ಬಾಗಿ ಕೇಳಿದಳು. "ಇಷ್ಟು ದೊಡ್ಡದು ಅಂತ ಒಂದಿನಾನೂ ಹೇಳ್ಲೇ ಇಲ್ವಲ್ಲ!"

ಹೇಳಿದ್ದ. ನೂರು ಸಲ ಹೇಳಿದ್ದ. ಈ ಕೆರೆ, ಇದರ ತುಂಬ ಅರಳುವ ಬಿಳಿ ನೈದಿಲೆ, ಇಲ್ಲಿಂದ ಘಾಟಿ ಇಳಿದರೆ ಸಿಗುವ ಕಡಲ ಊರುಗಳು. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಅವಳು ಹೂಂಗುಟ್ಟುತ್ತ ಪಾತ್ರೆ ಎತ್ತಿಡುತ್ತಿದ್ದಳು. ಇದೇ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ನರೆಸಿಕೊಂಡವನು ಅವನು. ಅವನ ಗಂಟಲಿಗೆ ಡ್ರೈವರುಗಳು 'ಮೈಕು' ಎಂದು ಅಡ್ಡಹೆಸರಿಟ್ಟಿದ್ದರು.

ನಿವೃತ್ತಿಯಾದ ಮರುವರ್ಷವೇ ಲಕ್ವ ಹೊಡೆಯಿತು. ಬಲಗೈ ಸೋತಿತು, ನಾಲಿಗೆ ತೊಡರಿತು. ಕಾಲು ಹೇಗೋ ದಾರಿಗೆ ಬಂತು. ಮಾತು ಮಾತ್ರ ಅರ್ಧಕ್ಕೇ ಕೆಟ್ಟು ನಿಲ್ಲುತ್ತಿತ್ತು. ಒಮ್ಮೆ ನೋಡಲು ಬಂದ ಷಡ್ಡಕ ಕಾಯುವ ತಾಳ್ಮೆಯಿಲ್ಲದೆ ಅವನ ವಾಕ್ಯವನ್ನು ತಾನೇ ಮುಗಿಸಿಕೊಟ್ಟ, ಅದೂ ತಪ್ಪಾಗಿ. ಅಂದಿನಿಂದ ಅವನು ಬಾಯಿಗೆ ಬೀಗ ಹಾಕಿಕೊಂಡ. ಯಾರಾದರೂ ಬಂದರೆ ಗೋಡೆ ಕಡೆ ಹೊರಳಿ ನಿದ್ದೆ ನಟಿಸುತ್ತಿದ್ದ. ಡಾಕ್ಟರಿಗೆ, ಅಂಗಡಿಯವನಿಗೆ, ನೆಂಟರಿಗೆ ಎಲ್ಲರಿಗೂ ಅವಳದೇ ಉತ್ತರ. ಕೊನೆಗೆ ಅವಳೇ ಹಟ ಹಿಡಿದಳು: "ಊರೂರು ಸುತ್ತಿದ್ದು ನೀವು, ಒಲೆ ಮುಂದೆ ಕೂತಿದ್ದು ನಾನು. ನಡೀರಿ, ನಂಗೂ ಸಮುದ್ರ ತೋರ್ಸಿ."

ಬಸ್ಸು ಕೆರೆಯ ದಂಡೆಯಲ್ಲಿ ನಿಂತಿತು. "ಹತ್ತೇ ನಿಮಿಷ! ದೂರ ಹೋಗ್ಬೇಡಿ," ಎಂದಳು ಕಂಡಕ್ಟರಮ್ಮ.

"ನೀವು ಕೂತಿರಿ, ಇಳಿದು ಹತ್ತೋ ಫಜೀತಿ ಬೇಡ. ನಾನು ಕಾಲು ಅದ್ದಿ ಬಂದ್ಬಿಡ್ತೀನಿ," ಎಂದು ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹೋದಳು. ತೆಂಗಿನ ಸಾಲಿನಾಚೆ, ಜೊಂಡಿನ ಹಿಂದೆ ಮರೆಯಾದಳು.

ಒಬ್ಬೊಬ್ಬರಾಗಿ ಎಲ್ಲರೂ ಹತ್ತಿ ಕೂತರು. ಅವಳಿಲ್ಲ.

"ಎಲ್ಲಾ ಬಂದ್ರಾ?"

"ಬಂದ್ರು, ಬಂದ್ರು. ಹೊರಡ್ರಮ್ಮ, ಸೆಖೆ!" ಹಿಂದಿನ ಸೀಟಿನಿಂದ ಯಾರೋ ಹೇಳಿದರು.

"ರೈಟ್!"

ಅವನು ಗಡಬಡಿಸಿ ಎಡಗೈ ಎತ್ತಿದ. ಕಂಡಕ್ಟರಮ್ಮ ಬೆನ್ನು ತಿರುಗಿಸಿ ಡ್ರೈವರನ ಜೊತೆ ಮಾತಿಗಿಳಿದಿದ್ದಳು. ಪಕ್ಕದ ಸಾಲಿನವನು ಫೋನಿನಲ್ಲಿ ಮುಳುಗಿದ್ದ. ನನ್ನ ಹೆಂಡತಿ ಇನ್ನೂ ಬಂದಿಲ್ಲ, ಎಂಬ ಮಾತು ತಲೆಯೊಳಗೆ ಎಷ್ಟು ಸರಾಗವಾಗಿತ್ತು! ಬಾಯಿಗೆ ಬಂದದ್ದು "ನ... ನ..." ಅಷ್ಟೇ, ಅದನ್ನೂ ಇಂಜಿನ್ನು ನುಂಗಿತು. ಬಸ್ಸು ರಸ್ತೆಗೆ ಏರಿತು. ಆಗ ಅವಳು ಕಂಡಳು. ಒದ್ದೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಬಾಯಿ ಬಿಟ್ಟುಕೊಂಡು, ಅವಳು ಓಡಿ ಬರುತ್ತಿದ್ದಳು. ಅವಳು ಓಡುವುದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ಮುಂದಿನ ಸೀಟಿನ ಕಂಬಿ ಹಿಡಿದು ಎದ್ದ. ಹೊಟ್ಟೆಯಾಳದಿಂದ ಅದು ತಾನಾಗಿ ಎದ್ದು ಬಂತು.

"ಹೋಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಜನ ಮುಗ್ಗರಿಸಿದರು. "ಯಾರ್ರೀ ಅದು? ಜೀವ ಬಾಯಿಗೆ ಬಂತು!" ಎಂದು ಕಂಡಕ್ಟರಮ್ಮ ತಿರುಗಿದಳು.

ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. "ನಮ್ಮ ಡಿಪೋದ ಗಂಟಲು ಕಣಮ್ಮ ಅದು. ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು."

ಹೆಂಡತಿ ಏದುಸಿರು ಬಿಡುತ್ತ ಹತ್ತಿದಳು. "ಏನಮ್ಮಾ, ಒಬ್ಬ ಮುದುಕೀನ ಬಿಟ್ಟು ಹೋಗೋಕೆ ಇಷ್ಟು ಅವಸರಾನಾ?"

"ತಪ್ಪಾಯ್ತಮ್ಮ. ನಿಮ್ಮ ಯಜಮಾನ್ರು ಕೂಗದಿದ್ರೆ ಹೋಗೇಬಿಡ್ತಿದ್ವಿ."

"ಇವ್ರಾ? ಇವ್ರು ಕೂಗಿದ್ರಾ?"

ಅವಳು ಪಕ್ಕದಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣನ್ನು ಎರಡೆರಡು ಸಲ ಒರೆಸಿಕೊಂಡಳು. "ಏನಂತ ಕೂಗಿದ್ರಿ?"

"ಹೋ... ಹೋಲ್ಡಾನ್."

"ಇಷ್ಟು ವರ್ಷ ಬಾಳಿದ್ದಕ್ಕೆ ನನ್ನ ಹೆಸರು ಬರ್ಲಿಲ್ಲ, ಹೋಲ್ಡಾನ್ ಬಂತಾ!"

ಅವನಿಗೆ ನಗು ಬಂತು. ಒಂದು ಕಡೆಗೆ ಸೊಟ್ಟಗಾಗುವ ಆ ನಗುವನ್ನು ಕೈಯಿಂದ ಮುಚ್ಚಿಕೊಳ್ಳಲು ಮರೆತ.

ಘಾಟಿ ಇಳಿಯುವಾಗ ಅವನೇ ಶುರುಮಾಡಿದ. "ಈ... ಈ ತಿರುವು..." ಎಂದು ತಡವರಿಸಿದ. ಅವಳು ಸುಮ್ಮನೆ ಕಾದಳು. ತಿರುವು ಹಿಂದೆ ಬಿದ್ದು ಎಷ್ಟೋ ಹೊತ್ತಿನ ಮೇಲೆ ಮಾತು ಮುಗಿಯಿತು: "...ದಾಟಿದ್ರೆ ಗಾಳಿ... ಉಪ್ಪು." ಅವಳು ಮೂಗೆಳೆದು ನೋಡಿ, "ಹೌದಲ್ರೀ!" ಎಂದಳು.

ಸಂಜೆ ಕಡಲ ಊರಿನಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಸಮುದ್ರ ಕಂಡದ್ದೇ ತಡ, ಅವಳಿಗೆ ಹಸಿವು, ಮಾತು ಎರಡೂ ಮರೆತುಹೋದವು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮರಳ ಮೇಲೆ ನಿಂತೇಬಿಟ್ಟಳು. ಅವನು ಅವಳನ್ನು ಕರೆಯದೆ, ಕಾಲೆಳೆಯುತ್ತ, ದಂಡೆಯ ಚಹಾ ಗಾಡಿಯ ಮುಂದೆ ಹೋಗಿ ನಿಂತ.

"ಏನ್ ಕೊಡ್ಲಿ?" ಎಂದ ಗಾಡಿಯವನು, ಕುದಿಯುವ ಹಾಲಿನ ಮೇಲೆಯೇ ಕಣ್ಣಿಟ್ಟು.

"ಎ... ಎರ್..." ಹಿಂದೆ ಯಾರೋ ಬಂದು ನಿಂತರು. ಅವನು ಬಾಯಿ ಮುಚ್ಚಿದ. ಉಸಿರೆಳೆದುಕೊಂಡ. "ಎರಡು... ಟೀ."

"ಸಕ್ಕರೆ?"

"ಒಂದಕ್ಕೆ... ಬೇಡ."

ಗಾಡಿಯವನು ತಲೆಯೆತ್ತಿ ನೋಡಲೂ ಇಲ್ಲ. ಗಾಳಿಗೆ ಮಲಗುತ್ತಿದ್ದ ಉರಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದರಿಂದ ಎರಡು ಲೋಟಗಳನ್ನು ಮುಂದಕ್ಕೆ ಎಳೆದುಕೊಂಡ.